ನಾಲೆ ಏರಿಯ ಮೇಲೆ ಗೀಜಗನ ಸಂಸಾರ

ರಂಗನತಿಟ್ಟಿಗೆ ಹೋದವರೆಲ್ಲ ದೋಣಿ ಹತ್ತಿ, ಕೊಕ್ಕರೆ ಮೊಸಳೆ ನೋಡಿ, ಚಿತ್ರಾನ್ನದ ಡಬ್ಬಿ ಖಾಲಿ ಮಾಡಿಕೊಂಡು ಹಿಂತಿರುಗುತ್ತಾರೆ. ಮಳೆಗಾಲದಲ್ಲಿ ಆ ಭಾಗ್ಯ ಸಿಕ್ಕೇ ಸಿಗುತ್ತದೆಂದು ಹೇಳಲಾಗದು. ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟು ಕಾವೇರಿ ಉಕ್ಕಿದರೆ ದೋಣಿ ನಿಂತಿತೆಂದೇ ಲೆಕ್ಕ. ಆದರೆ ನೋಡಿ, ಗೀಜಗನ ಸಂಸಾರ ನೋಡಬೇಕೆಂದರೆ ಅದೇ ಸರಿಯಾದ ಕಾಲ! ನಾವು ಹೋದದ್ದು ಆಗಸ್ಟಿನಲ್ಲಿ. ದೋಣಿಯಿಲ್ಲವೆಂದು ನಮ್ಮ ಯಜಮಾನರು ಪೇಪರು ಬಿಡಿಸಿ ಕೂತರು. ನಾನೂ ಅತ್ತಿಗೆಯೂ ಹತ್ತಿರದ ನಾಲೆ ಏರಿ ಹಿಡಿದು ನಡೆದೆವು.

ಒಂದು ಕಡೆ ಭತ್ತ, ಇನ್ನೊಂದು ಕಡೆ ಕಬ್ಬು. ನೀರಿನ ಮೇಲಕ್ಕೆ ಬಾಗಿದ ಒಂದು ಜಾಲಿ ಮರ. ಅದರ ತುಂಬ ಸೋರೆಬುರುಡೆ ನೇತುಹಾಕಿದ ಹಾಗೆ ಗೂಡುಗಳು! ಎಣಿಸಿದರೆ 23. ಕೆಳಗೆ ನೀರು, ಸುತ್ತ ಮುಳ್ಳು. ಹಾವು, ಬೆಕ್ಕು ಸುಲಭವಾಗಿ ಹತ್ತಿರ ಸುಳಿಯುವಂತಿಲ್ಲ.

ಹಕ್ಕಿ ಗುಬ್ಬಚ್ಚಿ ಗಾತ್ರದ್ದೇ. ಬೇರೆ ಕಾಲದಲ್ಲಿ ಗಂಡೂ ಹೆಣ್ಣೂ ಒಂದೇ ತರಹ ಮಂಕು. ಮಳೆ ಬಂತೋ, ಗಂಡಿನ ನೆತ್ತಿಗೆ ಅರಿಸಿನ ಹಚ್ಚಿದಂಥ ಕಳೆ, ಥೇಟ್ ಮದುವಣಿಗ! ಮನೆ ಕಟ್ಟುವ ಹೊಣೆ ಪೂರ್ತಿ ಅವನದೇ. ಕಬ್ಬಿನ ಗರಿಯ ಅಂಚನ್ನು ಕಚ್ಚಿ ಹಾರಿದರೆ ಉದ್ದನೆಯ ಎಳೆ ಸರ್ರನೆ ಸೀಳಿಬರುತ್ತದೆ. ಒಂದು ಗೂಡಿಗೆ ಇಂಥ ನೂರಾರು ಓಡಾಟ, ಎರಡು ವಾರಕ್ಕೂ ಮೀರಿದ ದುಡಿಮೆ. ಗೂಡು ಕವುಚಿದ ಟೋಪಿಯಂತಾದಾಗ ಕೆಲಸ ನಿಲ್ಲಿಸಿ, ಅದಕ್ಕೇ ಜೋತುಬಿದ್ದು ರೆಕ್ಕೆ ಬಡಿಯುತ್ತ ಕೂಗೋ ಕೂಗು!

ಇಲ್ಲಿ ಹೆಣ್ಣು ನೋಡುವ ಶಾಸ್ತ್ರವಿಲ್ಲ, ಮನೆ ನೋಡುವ ಶಾಸ್ತ್ರ. ಹೆಣ್ಣು ಬಂದು, ಒಳಗೆ ಹೊಕ್ಕು, ಎಳೆ ಜಗ್ಗಿ ಪರೀಕ್ಷಿಸುತ್ತದೆ. ನೇಯ್ಗೆಯ ಅಂದಕ್ಕಿಂತ ಗೂಡು ಎಂಥ ಜಾಗದಲ್ಲಿದೆ ಅನ್ನುವುದೇ ಅದಕ್ಕೆ ಮುಖ್ಯವಂತೆ. ಒಪ್ಪಿಗೆಯಾಗದಿದ್ದರೆ ಪುರ್‍ರೆಂದು ಪಕ್ಕದ ಗೂಡಿಗೆ.

“ಅಡಿಗೆಮನೆಗೆ ಕಿಟಕಿ ಬೇಕೋ ಬೇಡವೋ ಅಂತಲೂ ನಮ್ಮನ್ನ ಯಾರೂ ಕೇಳಲಿಲ್ಲವಲ್ಲೇ!” ಎಂದರು ಅತ್ತಿಗೆ.

ಮುಂದಿನ ಕತೆ ಕೇಳಿ. 1930ರಲ್ಲಿ ಸಲೀಂ ಅಲಿಯವರು ಮುಂಬಯಿಗೆ ಹತ್ತಿರದ ಕಿಹಿಂ ಎಂಬ ಕಡಲತೀರದ ಹಳ್ಳಿಯಲ್ಲಿ ಪತ್ನಿ ತೆಹ್ಮಿನಾರೊಂದಿಗೆ ಇದ್ದಾಗ ಗೀಜಗಗಳನ್ನೇ ಕಾದು ಕೂತು ನೋಡಿದರು. (1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದದ್ದೂ ಇವರ ಒತ್ತಾಸೆಯಿಂದಲೇ.) ಅವರು ಕಂಡದ್ದೇನೆಂದರೆ, ಹೆಣ್ಣು ಒಪ್ಪಿ ಒಳಗೆ ಬಂದಮೇಲೆ ಗಂಡು ಗೂಡಿಗೆ ಕೊಳವೆಯಂಥ ಬಾಗಿಲು ನೇಯ್ದು ಮುಗಿಸುತ್ತದೆ, ಮುಗಿಸಿ, ಇನ್ನೊಂದು ಗೂಡು ಶುರುಮಾಡಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ! ಎರಡರಿಂದ ನಾಲ್ಕು ಬಿಳಿ ಮೊಟ್ಟೆ, ಸುಮಾರು ಹದಿನೈದು ದಿನದ ಕಾವು, ಮತ್ತೆ ಅಷ್ಟೇ ದಿನ ಮರಿಗಳಿಗೆ ತುತ್ತು: ಹೆಚ್ಚುಕಡಿಮೆ ಎಲ್ಲ ತಾಯಿಯ ತಲೆಗೇ. ಅಪ್ಪ ಎಲ್ಲೋ ಅಪರೂಪಕ್ಕೆ ಒಂದು ತುತ್ತು ತಂದಾನು. ತಾನು ಕಾಳು ತಿನ್ನುವ ಹಕ್ಕಿಯಾದರೂ ಎಳೆಮರಿಗೆ ತಾಯಿ ಹುಳುಹುಪ್ಪಟೆಯನ್ನೇ ಹುಡುಕಿ ತರಬೇಕು.

ಎಲ್ಲ ಹಕ್ಕಿಗಳೂ ಹೀಗಲ್ಲ. ನಮ್ಮ ಹಿತ್ತಿಲ ಪಿಕಳಾರದಲ್ಲಿ ಗಂಡ ಹೆಂಡತಿ ಇಬ್ಬರೂ ಮರಿಗೆ ಗುಟುಕು ಕೊಡುತ್ತವೆ. ಗೀಜಗನಿಗೇಕೆ ಈ ಸಲಿಗೆ? ಮಳೆಗಾಲದಲ್ಲಿ ಆಹಾರ ಹೇರಳ, ಗೂಡು ಭದ್ರ. ಒಬ್ಬಳೇ ಸಾಕಬಲ್ಲಳು ಎಂದು ತಿಳಿದವರ ವಿವರಣೆ. “ಸಾಕಬಲ್ಲಳು ಅಂತ ಬಿಟ್ಟುಹೋಗೋದೇ?” ಅತ್ತಿಗೆಗೆ ಆ ವಿವರಣೆ ಒಪ್ಪಿಗೆಯಾಗಲಿಲ್ಲ. ನನಗೂ ಅಷ್ಟಕ್ಕಷ್ಟೇ.

ಅಷ್ಟರಲ್ಲಿ ಗದ್ದೆಯ ಒಡತಿ ಹುಲ್ಲಿನ ಹೊರೆ ಹೊತ್ತು ಬಂದರು. ಆ ಜಾಲಿ ಮರ ಸೌದೆಗೆಂದು ಮಾರಾಟವಾಗಿತ್ತಂತೆ.

“ಮುಂಗಡಾನೂ ಈಸ್ಕಂಡಿವ್ನಿ ಕಣವ್ವ. ಮಗಳ ಬಾಣಂತನ ಐತೆ, ದುಡ್ಡು ಬೇಕು. ಆದ್ರೆ ಒಳಗೆ ಮರಿ ಅವೆ. ಅವು ಹಾರೋಗಗಂಟ ಕೊಡ್ಲಿ ತರ್ಬ್ಯಾಡ ಅಂದ್ಬುಟ್ಟೆ.”

“ಮುಂದಿನ ವರ್ಷ ಎಲ್ಲಿ ಕಟ್ತವೆ?”

ಆಕೆ ಹೊರೆ ಸರಿಮಾಡಿಕೊಂಡು, “ಏರಿ ಮ್ಯಾಲೆ ಇನ್ನೆಲ್ಲವ್ವ ಮರ ಐತೆ?” ಎಂದರು.

ವರ್ಷ ವರ್ಷವೂ ಹಳೆಯ ಮರಕ್ಕೇ ಬರುವ ಹಕ್ಕಿಗಳಿವು. ಷೋಕೇಸಿನಲ್ಲಿಡಲು ಗೂಡು ಕಿತ್ತು ತರುವವರನ್ನೂ ಕಂಡಿದ್ದೇನೆ. ಒಳಗೆ ಮೊಟ್ಟೆಯಿದೆಯೋ ಎಂದು ನೋಡುವವರು ಕಡಿಮೆ. ಗೀಜಗ ಬಿಟ್ಟ ಹಳೆಯ ಗೂಡಿಗೂ ರಾಟವಾಳದಂಥ ಪುಟ್ಟ ಹಕ್ಕಿಗಳು ಬಾಡಿಗೆಯಿಲ್ಲದೆ ಬಂದು ಸೇರುವುದುಂಟು.

ನೀವೂ ಹೋಗುವುದಾದರೆ ಶ್ರೀರಂಗಪಟ್ಟಣದಲ್ಲಿ ಇಳಿಯಿರಿ. ರಂಗನತಿಟ್ಟು ಅಲ್ಲಿಂದ ನಾಲ್ಕೇ ಕಿಲೋಮೀಟರು. ಬೆಳಿಗ್ಗೆಯೇ ಹೊರಡಿ. ಕೊಡೆ ಇರಲಿ, ಏರಿಯ ಮೇಲೆ ಕೆಸರು, ಜರಿಸೀರೆ ಬೇಡ.