ಮುಂಡರಗಿಯಿಂದ ನೈರೋಬಿಯವರೆಗೆ

ಮುಂಡರಗಿಯಿಂದ ಡಂಬಳದ ಮೇಲೆ ಗದಗಿಗೆ ಹೋಗುವ ಹಾದಿಯು ನಮಗೆ ಬಹುಕಾಲದ ಪರಿಚಯದ್ದು. ಊರು ದಾಟಿದೊಡನೆ ಎರೆಹೊಲಗಳ ವಿಸ್ತಾರವು ಕಣ್ಣಿಗೆ ಬೀಳುವದು. ಎಡಗಡೆಯಲ್ಲಿ ಔಷಧಿವನಸ್ಪತಿಗಳಿಗೆ ಹೆಸರಾದ ಕಪ್ಪತಗುಡ್ಡವು ಬಹುದೂರ ನಮ್ಮ ಸಂಗಡವೇ ಬರುವದು. ಡಂಬಳದಲ್ಲಿ ದೊಡ್ಡಬಸಪ್ಪನ ಗುಡಿಯಿದೆ. ನಕ್ಷತ್ರದಂತಿರುವ ಅದರ ಗರ್ಭಗೃಹದ ತಳವಿನ್ಯಾಸಕ್ಕೆ 24 ಕೋನಗಳು. ಇದೇ ಊರಿನ 1095 ರ ಶಾಸನವೊಂದು ಬೌದ್ಧರ ತಾರಾದೇವಿಯನ್ನು ಸ್ತುತಿಸುವದು. ಗದಗವನ್ನು ಮುಟ್ಟಿದರೆ ವೀರನಾರಾಯಣನ ದೇವಾಲಯ. ಅಲ್ಲಿಯ ಕಂಬವೊಂದರ ಬಳಿ ಕುಳಿತು ಕುಮಾರವ್ಯಾಸನು ಭಾರತವನ್ನು ರಚಿಸಿದನೆಂದು ಪ್ರತೀತಿ.

ಇಂಥ ಪ್ರಾಚೀನ ವೈಭವದ ನಡುವೆ ಚೆಂಡಾಟದ ಮಾತೇಕೆ ಎಂದು ವಾಚಕರು ಕೇಳಬಹುದು. ಆದರೆ ಈ ಹಾದಿಯ ಬಯಲುಗಳಲ್ಲಿ ಹುಡುಗರು ದಾಂಡು ಹಿಡಿದು ನಿಂತುದನ್ನು ಕಂಡಾಗಲೆಲ್ಲ ನಮಗೆ ಗದಗಿನವರೇ ಆದ ಸುನೀಲ ಜೋಶಿಯವರ ನೆನಪಾಗುವದು. 1970 ರಲ್ಲಿ ಜನಿಸಿದ ಇವರು ಬಾಲ್ಯದಲ್ಲಿ ಬೆಳಗಿನ ಅಭ್ಯಾಸಕ್ಕಾಗಿ ಸುಮಾರು 60 ಕಿಲೋಮೀಟರು ದೂರದ ಹುಬ್ಬಳ್ಳಿಗೆ ಹೋಗಿ, ಮರಳಿ ಗದಗಿಗೆ ಬಂದು ಪಾಠಶಾಲೆಯನ್ನು ಸೇರುತ್ತಿದ್ದರು. ಪೂರ್ವಿಕರು ತಪಸ್ಸೆಂದು ಕರೆದುದು ಇದಕ್ಕಿಂತ ಬೇರೆಯೆಂದು ನಮಗೆ ತೋರುವದಿಲ್ಲ.

1999 ರಲ್ಲಿ ಆಫ್ರಿಕಾ ಖಂಡದ ನೈರೋಬಿ ಪಟ್ಟಣದಲ್ಲಿ ಭಾರತ, ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ಕೀನ್ಯಾ ಈ ನಾಲ್ಕು ರಾಷ್ಟ್ರಗಳ ಕ್ರಿಕೆಟ್ ಪಂದ್ಯಾವಳಿಯು ಜರುಗಿತು. ಸೆಪ್ಟೆಂಬರ್ 26 ರಂದು ಪ್ರಬಲವಾದ ದಕ್ಷಿಣ ಆಫ್ರಿಕಾದ ಎದುರು ಜೋಶಿಯವರು 10 ಓವರುಗಳನ್ನು ಎಸೆದರು. ಓವರೊಂದಕ್ಕೆ 6 ಎಸೆತಗಳಂತೆ ಒಟ್ಟು 60 ಎಸೆತಗಳು. ಎದುರಾಳಿಗಳಿಗೆ ದೊರೆತ ಓಟಗಳು ಕೇವಲ 6! ಆರು ಓವರುಗಳಲ್ಲಂತೂ ಒಂದು ಓಟವೂ ಇಲ್ಲ. ಮೇಲಾಗಿ ಐವರು ದಾಂಡಿಗರು ಅವರಿಗೆ ಬಲಿಯಾದರು. ದಕ್ಷಿಣ ಆಫ್ರಿಕಾವು 117 ಕ್ಕೆ ಮುಗಿಯಿತು. ಭಾರತವು 8 ವಿಕೆಟ್ಟುಗಳಿಂದ ಗೆದ್ದಿತು. ಅಂದೇ ಮೊದಲ ಅಂತಾರಾಷ್ಟ್ರೀಯ ಪಂದ್ಯವಾಡಿದ ಇನ್ನೊಬ್ಬ ಕನ್ನಡಿಗ ವಿಜಯ ಭಾರದ್ವಾಜರು ಆ ಪಂದ್ಯಾವಳಿಯ ಶ್ರೇಷ್ಠ ಆಟಗಾರರೆನಿಸಿದರು.

ಆದರೂ ಅಂತಿಮ ಪಂದ್ಯದಲ್ಲಿ ಅದೇ ದಕ್ಷಿಣ ಆಫ್ರಿಕಾವು ಭಾರತವನ್ನು ಸೋಲಿಸಿ ಪಾರಿತೋಷಕವನ್ನು ಒಯ್ದಿತು. ಇದರಿಂದ ಜೋಶಿಯವರ ಕಾರ್ಯವು ಕಿರಿದಾಗಲಿಲ್ಲ. ರಭಸದಿಂದ ಬಾರಿಸುವವನನ್ನು ಜನರು ಬೇಗ ಹೊಗಳುವರು. ಅರವತ್ತು ಸಲವೂ ಎಚ್ಚರ ತಪ್ಪದೆ ಚೆಂಡನ್ನು ಬೇಕಾದ ಸ್ಥಳದಲ್ಲಿಯೇ ಇಡುವವನ ಸಂಯಮವನ್ನು ಅರಿಯಲು ತುಸು ವ್ಯವಧಾನ ಬೇಕು. ಮುಂದೆ 2020 ರಲ್ಲಿ ಅವರು ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು.

ಈ ಕಥೆಯನ್ನು ಮಕ್ಕಳಿಗೆ ಹೇಳಿ, "ನೋಡು, ಅವರಂತೆ ಛಲವಿರಬೇಕು" ಎಂದು ಉಪದೇಶಿಸುವದು ಸುಲಭ. ಗೃಹಸ್ಥರಾದ ನಾವು ಇನ್ನೊಂದನ್ನೂ ವಿಚಾರಿಸಬೇಕು. ಗದಗಿನ ಬಾಲಕನಿಗೆ ಹುಬ್ಬಳ್ಳಿಯು ದೂರವಾಗಿದ್ದರೆ, ಮುಂಡರಗಿಯ ಬಾಲಕನಿಗೆ ಅದು ಇನ್ನೂ 40 ಕಿಲೋಮೀಟರಿನಷ್ಟು ದೂರ. ಅಷ್ಟು ದೂರವನ್ನು ದಿನಾಲು ಕ್ರಮಿಸುವ ಶಕ್ತಿ ಒಬ್ಬನಿಗಿರಬಹುದು. ನೂರು ಮಕ್ಕಳಿಗೆ ಇರಲಾರದು. ಆ ನೂರರಲ್ಲಿ ಎಷ್ಟು ಕೈಚಳಕಗಳು ಅರಳದೆ ಬಾಡುವವೋ! ಛಲವು ಮಕ್ಕಳ ಧರ್ಮವಾದರೆ ದೂರವನ್ನು ಕಡಿಮೆ ಮಾಡುವದು ಹಿರಿಯರ ಧರ್ಮ. ಊರಿಗೊಂದು ಸಮತಟ್ಟಾದ ಬಯಲು, ಮುಂಜಾನೆ ಒಂದು ತಾಸು ನಿಂತು ಕಲಿಸುವ ಗುರು, ಗಂಡುಮಕ್ಕಳೊಡನೆ ಹೆಣ್ಣುಮಕ್ಕಳಿಗೂ ಅಲ್ಲಿ ಎಡೆ — ಇಷ್ಟನ್ನು ಒದಗಿಸಿದರೆ ಸಾಕು.