ಎರಡು ಜಿಬಿ ಗೋಡೆ

ಮೊನ್ನೆ ಆಫೀಸಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ, 64 ಜಿಬಿ ರ‍್ಯಾಮ್ ಇದ್ದರೂ ಸಿಸ್ಟಮ್ ಎಳೀತಿದೆ ಸಾರ್ ಅಂತ ಗೊಣಗುತ್ತಿದ್ದ. ಅವನ ಕ್ರಿಯೋದಲ್ಲಿ 'ಇನ್ ಸೆಷನ್' ತೆರೆದು ನೋಡಿದರೆ, ಬೆಳಗಿನಿಂದ ತೆರೆದು ಮುಚ್ಚಿದ ಅಸೆಂಬ್ಲಿಗಳೆಲ್ಲ ಮೆಮರಿಯಲ್ಲೇ ಕೂತಿವೆ! ನನಗೆ 2006ರ ಅಂಬತ್ತೂರು ನೆನಪಾಯ್ತು.

ಆಗ ನಾನು ಚೆನ್ನೈಗೆ ಬಂದು ನಾಲ್ಕು ವರ್ಷ. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಡಿಸೈನ್ ಆಫೀಸು. ಕ್ರಿಯೋಗೆ ಆಗಿನ್ನೂ ಪ್ರೋ-ಇ ಅಂತ ಹೆಸರು. ನನ್ನ ಕೈಕೆಳಗೆ ತಿರುನಲ್ವೇಲಿ ಕಡೆಯ ಒಬ್ಬ ಹುಡುಗ. ನನ್ನ ಹರಕು ತಮಿಳನ್ನು ನಗದೆ ತಿದ್ದಿದವನು ಅವನೊಬ್ಬನೇ. ಅವನಿಗೆ ಒಂದು ಗೇರ್‌ಬಾಕ್ಸ್ ಅಸೆಂಬ್ಲಿ ಕೊಟ್ಟಿದ್ದೆ. ದಿನಕ್ಕೆ ಎರಡು ಮೂರು ಸಲ 'ಔಟ್ ಆಫ್ ಮೆಮರಿ' ಅಂತ ಬೀಳೋದು, ಅರ್ಧ ದಿನದ ಕೆಲಸ ಮಣ್ಣುಪಾಲು. ರಿಚಿ ಸ್ಟ್ರೀಟಿಗೆ ಹೋಗಿ ಮೆಮರಿ ತಂದು ಎರಡು ಜಿಬಿಯನ್ನು ನಾಲ್ಕು ಮಾಡಿದೆವು. ಆದರೂ ಅದೇ ಜಾಗದಲ್ಲಿ ಬಿತ್ತು. ಡೆಲಿವರಿ ತಡವಾಯ್ತು. ಮ್ಯಾನೇಜರ್ ಕೇಳಿದಾಗ, "ಹುಡುಗ ಸರಿಯಾಗಿ ಸೇವ್ ಮಾಡಲ್ಲ, ಗಮನ ಸಾಲದು" ಅಂದುಬಿಟ್ಟೆ. ಅವನ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ಹೋಗುವ ದಿನ ನನ್ನ ಟೇಬಲ್ ಹತ್ತಿರ ಬಂದು "ಪರವಾಯಿಲ್ಲಣ್ಣಾ" ಅಂದ, ನಾನೇನೂ ಕೇಳದಿದ್ದರೂ.

ಆಮೇಲೆ ಫೈಲುಗಳು ನನ್ನ ಮಿಷೀನಿಗೆ ಬಂದವು. ಅಲ್ಲೂ ಬಿತ್ತು!

ಆಗ ಓದಲು ಕೂತೆ. 32 ಬಿಟ್ ವಿಂಡೋಸ್‌ಗೆ ಎಣಿಸಲು ಬರುವುದೇ ನಾಲ್ಕು ಜಿಬಿ. ಅದರಲ್ಲಿ ಅರ್ಧ ತನಗೇ ಇಟ್ಟುಕೊಂಡು, ಒಂದೊಂದು ಪ್ರೋಗ್ರಾಮಿಗೆ ಎರಡೇ ಜಿಬಿ ಬಿಡುತ್ತೆ. ಲಾರಿ ನೀರು ಎಷ್ಟು ತರಿಸಿದರೇನು, ಸಂಪು ಹಿಡಿಯುವಷ್ಟೇ ತಾನೆ? (ಚೆನ್ನೈಯಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಬೂಟ್.ಐಎನ್‌ಐ ಫೈಲಿನಲ್ಲಿ /3ಜಿಬಿ ಅಂತ ಸೇರಿಸಿದರೆ ಮೂರರವರೆಗೆ ಎಳೆಯಬಹುದಿತ್ತು. ಎಳೆದೆ. ಸ್ವಲ್ಪ ಮುಂದೆ ಹೋಗಿ ಬಿತ್ತು.

ಕೊನೆಗೆ ಮಾಡೆಲನ್ನೇ ಬಿಚ್ಚಿ ನೋಡಿದೆ. ಬೋಲ್ಟುಗಳಿಗೆಲ್ಲ ನಿಜವಾದ ಥ್ರೆಡ್, ಸುರುಳಿ ಸುರುಳಿಯಾಗಿ ಕೊರೆದದ್ದು. ಡ್ರಾಯಿಂಗಿಗೆ ಅದು ಬೇಕೇ ಇಲ್ಲ, ಕಾಸ್ಮೆಟಿಕ್ ಥ್ರೆಡ್ ಅಂತ ಬರೀ ಗುರುತು ಸಾಕು. ಆದರೆ ಆ ಸುರುಳಿಯ ಒಂದೊಂದು ಮೇಲ್ಮೈಯನ್ನೂ ಸಾಫ್ಟ್‌ವೇರ್ ಲೆಕ್ಕ ಇಟ್ಟುಕೊಳ್ಳಬೇಕಲ್ಲ. "ನಿಜವಾದ ಥ್ರೆಡ್ಡೇ ಹಾಕು ತಂಬಿ, ಕ್ಲೈಂಟಿಗೆ ಚೆನ್ನಾಗಿ ಕಾಣುತ್ತೆ" ಅಂದಿದ್ದು ನಾನೇ.

ಥ್ರೆಡ್ ತೆಗೆದೆ. ಒಳಗಿನ ಭಾಗಗಳನ್ನು ಬಿಟ್ಟು ಒಂದು ಸಿಂಪ್ಲಿಫೈಡ್ ರೆಪ್ ಮಾಡಿದೆ. ಕಿಟಕಿ ಮುಚ್ಚಿದ ಮಾತ್ರಕ್ಕೆ ಮೆಮರಿ ಖಾಲಿಯಾಗಲ್ಲ, 'ಇರೇಸ್ ನಾಟ್ ಡಿಸ್‌ಪ್ಲೇಡ್' ಒತ್ತಬೇಕು ಅನ್ನೋದನ್ನೂ ಆಗಲೇ ಕಲಿತದ್ದು. ಅದೇ ಅಸೆಂಬ್ಲಿ ಒಂದೂವರೆ ಜಿಬಿಯೊಳಗೆ ತೆರೆಯಿತು. ಮ್ಯಾನೇಜರಿಗೆ ತಪ್ಪು ನನ್ನದು ಅಂತ ಹೇಳಿದೆ. ಡೆಲಿವರಿ ಆಯ್ತಲ್ಲ ಬಿಡಿ ಅಂದರು. ಹುಡುಗನ ನಂಬರಿಗೆ ಫೋನ್ ಮಾಡಿದೆ, ಬೇರೆ ಯಾರೋ ಎತ್ತಿದರು. ಆಮೇಲೆ ಅವನು ಸಿಗಲೇ ಇಲ್ಲ.

ಈಗಿನದು 64 ಬಿಟ್, ಆ ಗೋಡೆ ಹೋಯ್ತು. ಬೀಳಲ್ಲ, ಎಳೀತಾ ಎಳೀತಾ ಕೂರುತ್ತೆ ಅಷ್ಟೇ. ಮೊನ್ನೆ ಹೊಸ ಹುಡುಗನ ಪಕ್ಕ ಕೂತು ಇರೇಸ್ ಒತ್ತಿಸಲು ಹೋದಾಗ ಗಾಬರಿಯಾದ, "ಸಾರ್, ಫೈಲೇ ಹೋಗಿಬಿಡಲ್ವಾ?" ಇಲ್ಲಪ್ಪ, ಮೆಮರಿಯಿಂದ ಮಾತ್ರ, ಡಿಸ್ಕಿನಲ್ಲಿ ಇರುತ್ತೆ, ಮೊದಲು ಸೇವ್ ಮಾಡು ಅಂದೆ. ಎರಡು ಸಲ ಸೇವ್ ಮಾಡಿ ಒತ್ತಿದ.