ಗಾಲಿಯ ಮೆರುಗು

ವಿದ್ಯೆಗಾಗಿ ಮನೆಯನ್ನು ಬಿಟ್ಟು ದೂರ ಹೋಗುವುದು ಈ ನಾಡಿನವರಿಗೆ ಹೊಸದಲ್ಲ. ತರ್ಕವನ್ನು ಕಲಿಯಲು ನವದ್ವೀಪಕ್ಕೂ ವೇದಾಂತವನ್ನು ಕಲಿಯಲು ಕಾಶಿಗೂ ಹೋದವರ ಕಥೆಗಳನ್ನು ವಾಚಕರು ಕೇಳಿಯೇ ಇರುವರು. ಆದರೆ ಇಲ್ಲದುದನ್ನು ಇದ್ದಂತೆ ತೋರಿಸುವ ವಿದ್ಯೆಯನ್ನು ಕಲಿಯುವುದಕ್ಕಾಗಿ ಸಮುದ್ರವನ್ನು ದಾಟಬೇಕೆಂದು ಯಲಹಂಕ ಉಪನಗರದ ಹುಡುಗಿಯೊಬ್ಬಳು ಹೇಳಿದಾಗ, ಅವಳ ತಂದೆಗೆ ಆ ಮಾತು ಅರ್ಥವಾಗಲಿಲ್ಲ.

ತಂದೆಯವರು ಯಲಹಂಕದಲ್ಲಿ ೧೯೮೪ರಲ್ಲಿ ಆರಂಭವಾದ ರೈಲು ಗಾಲಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದು ನಿವೃತ್ತರಾದವರು. ರೈಲ್ವೆಯ ಹಳೆಯ ಕಬ್ಬಿಣವನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗ್ರ್ಯಾಫೈಟಿನ ಅಚ್ಚಿನಲ್ಲಿ ಎರಕ ಹೊಯ್ದು ಗಾಲಿಯನ್ನು ಮಾಡುವುದು ಅಲ್ಲಿಯ ಕೆಲಸ. ಕೈಗೆ ಸಿಕ್ಕದ, ತೂಕವಿಲ್ಲದ ವಸ್ತುವನ್ನು ಮಾಡಿ ಹೊಟ್ಟೆ ಹೊರೆಯಬಹುದೆಂಬುದನ್ನು ಅವರ ಮನಸ್ಸು ಒಪ್ಪದಿದ್ದುದು ಆಶ್ಚರ್ಯವಲ್ಲ.

ಮಗಳು ಆಗಲೇ ಹೆಬ್ಬಾಳದ ಕಡೆಯ ಒಂದು ಸಂಸ್ಥೆಯಲ್ಲಿ ಮೂರು ವರ್ಷ ಕೆಲಸ ಮಾಡಿದ್ದಳು. ಪರದೇಶದ ಚಲಚ್ಚಿತ್ರಗಳ ತುಣುಕುಗಳು ಅಲ್ಲಿಗೆ ಬರುತ್ತಿದ್ದುವು. ನಟನ ಆಕೃತಿಯ ಸುತ್ತ ಗೆರೆ ಎಳೆದು ಅವನನ್ನು ಹಿನ್ನೆಲೆಯಿಂದ ಬೇರ್ಪಡಿಸುವುದು ಅವಳ ಪಾಲಿನ ಕೆಲಸ. ಇದಕ್ಕೆ ರೋಟೋಸ್ಕೋಪಿ ಎಂದು ಹೆಸರು. ಅಮೆರಿಕದ ಮ್ಯಾಕ್ಸ್ ಫ್ಲೈಶರ್ ೧೯೧೭ರಲ್ಲಿ ಹಕ್ಕುಪತ್ರ ಪಡೆದ ಉಪಾಯದ ಸಂತತಿಯಿದು. ಸೆಕೆಂಡಿಗೆ ೨೪ ಬಿಂಬಗಳಂತೆ ಹತ್ತು ಸೆಕೆಂಡಿನ ತುಣುಕಿಗೆ ೨೪೦ ಬಿಂಬಗಳು. ನೂರಾರು ತಲೆಗಳ ಕೂದಲಿನ ಅಂಚನ್ನು ಅವಳು ಬಿಡಿಸಿದ್ದಳು. ಆ ತಲೆಗಳ ಹಿಂದೆ ಯಾವ ಆಕಾಶವನ್ನು ಕೂಡಿಸಿದರೆಂಬುದನ್ನು ಮಾತ್ರ ಚಿತ್ರಮಂದಿರಕ್ಕೆ ಹೋಗಿಯೇ ತಿಳಿಯಬೇಕಾಗಿದ್ದಿತು. ಆಕಾಶವನ್ನು ಕೂಡಿಸುವ ಬುದ್ಧಿ ತನಗೂ ಬೇಕೆಂಬುದೇ ಅವಳ ಹಟ. ಇಂಗ್ಲೆಂಡಿನ ದಕ್ಷಿಣ ತೀರದ ಬೋರ್ನ್‌ಮತ್ ವಿಶ್ವವಿದ್ಯಾನಿಲಯದಲ್ಲಿ ಗಣಕಯಂತ್ರದ ಚಿತ್ರಚಾಲನೆಗೆಂದೇ ಒಂದು ರಾಷ್ಟ್ರೀಯ ಕೇಂದ್ರವು ೧೯೮೯ರಿಂದ ನಡೆಯುತ್ತಿದೆ. ಅಲ್ಲಿ ಒಂದು ವರ್ಷದ ಸ್ನಾತಕೋತ್ತರ ಪಾಠವನ್ನು ಓದಬೇಕೆಂದು ಅವಳು ನಿಶ್ಚಯಿಸಿದಳು.

"ಸೃಷ್ಟಿ ಸಂಸ್ಥೆ ಇಲ್ಲೇ ಯಲಹಂಕದಲ್ಲಿದೆ, ಮಗು, ೧೯೯೬ರಿಂದ ಕಲೆಯನ್ನು ಹೇಳಿಕೊಡುತ್ತಿದ್ದಾರೆ. ನಮ್ಮ ಸರ್ಕಾರವೂ ೨೦೧೨ರಲ್ಲೇ ಈ ಉದ್ಯಮಕ್ಕೆ ನೀತಿಯೊಂದನ್ನು ಮಾಡಿತು ಎನ್ನುತ್ತೀಯೆ. ಮತ್ತೆ ಅಷ್ಟು ದೂರವೇಕೆ?" ಎಂದು ತಂದೆಯವರು ಕೇಳಿದರು. ಆ ಪ್ರಶ್ನೆಗೆ ಉತ್ತರ ಹೇಳುವಷ್ಟರಲ್ಲಿಯೇ ೨೦೨೫ರ ಫೆಬ್ರವರಿ ತಿಂಗಳು ಬಂದಿತು. ಟೆಕ್ನಿಕಲರ್ ಎಂಬ ಹಳೆಯ ಹೆಸರಿನ ಸಮೂಹವು ಕುಸಿದು, ಲಂಡನ್ನಿನಲ್ಲಿಯೂ ಬೆಂಗಳೂರಿನಲ್ಲಿಯೂ ಸಾವಿರಾರು ಮಂದಿ ಕೆಲಸವನ್ನು ಕಳೆದುಕೊಂಡರು. ಅದರ ಶಾಖೆಯಾದ ಎಂಪಿಸಿಗೆ 'ದಿ ಜಂಗಲ್ ಬುಕ್' ಚಿತ್ರದ ದೃಶ್ಯಚಮತ್ಕಾರಕ್ಕಾಗಿ ೨೦೧೭ರಲ್ಲಿ ಆಸ್ಕರ್ ಬಂದಿದ್ದಿತು. ಆ ಕಾಡಿನಲ್ಲಿ ಬೆಂಗಳೂರಿನವರ ಕೈಯೂ ಇದ್ದಿತು. "ಬಹುಮಾನ ಬಂದವರ ಮನೆಯೇ ಬಿದ್ದುಹೋಯಿತಲ್ಲ!" ಎಂದರು ತಂದೆ. ಮಗಳು ಮಾತನಾಡಲಿಲ್ಲ. ತಾಯಿ ಮಾತ್ರ, "ಮಯನು ಕಟ್ಟಿದ ಸಭೆಯಲ್ಲಿ ದುರ್ಯೋಧನ ಬಿದ್ದರೆ, ಅದು ಮಯನ ವಿದ್ಯೆಯ ತಪ್ಪೇ?" ಎಂದರು. ಮಗಳು ಬಳಸುತ್ತಿದ್ದ ಸಾಧನಗಳಲ್ಲಿ ಒಂದರ ಹೆಸರು 'ಮಾಯಾ' ಎಂದೇ ಆಗಿದ್ದುದು ಆ ತಾಯಿಗೆ ತಿಳಿದಿರಲಿಲ್ಲ.

ಪ್ರವೇಶಕ್ಕಾಗಿ ಅಭ್ಯರ್ಥಿಯು ತನ್ನ ಕೆಲಸದ ಮಾದರಿಯನ್ನು ಕಳುಹಿಸಬೇಕಾಗಿದ್ದಿತು. ಒಂದು ರಾತ್ರಿ ಹುಡುಗಿ ತನ್ನ ಮಾದರಿಯನ್ನು ನೋಡುತ್ತ ಕುಳಿತಿದ್ದಳು: ಮಳೆ ಬಿದ್ದ ಮುಂಜಾವಿನಲ್ಲಿ ನಿಲ್ದಾಣಕ್ಕೆ ಬರುವ ಒಂದು ರೈಲು. ರೈಲೂ ಇಲ್ಲ, ಮಳೆಯೂ ಇಲ್ಲ. ಎಲ್ಲವೂ ಗಣಕದ ಲೆಕ್ಕ. ನೀರು ಕುಡಿಯಲು ಎದ್ದ ತಂದೆಯವರು ಹಿಂದೆ ನಿಂತು ನೋಡಿದರು.

"ಈ ಗಾಲಿ ಓಡಿದ ಗಾಲಿಯಲ್ಲ," ಎಂದರು.

"ಯಾಕಪ್ಪಾ? ಅಳತೆ ಸರಿಯಾಗಿಯೇ ಇದೆಯಲ್ಲ."

"ಅಳತೆ ಇರಲಿ. ಇಡೀ ಗಾಲಿಗೆ ಒಂದೇ ಬಣ್ಣ ಹಾಕಿದ್ದೀಯೆ. ಕಂಬಿಗೆ ಉಜ್ಜುವ ಮೈ ಕನ್ನಡಿಯ ಹಾಗೆ ಹೊಳೆಯಬೇಕು. ಪಕ್ಕದ ಮೈ ತುಕ್ಕು, ಧೂಳು, ಎಣ್ಣೆ. ನಿಂತ ಗಾಲಿಯ ಹೊಳಪು ಒಂದೆರಡು ಮಳೆಗೆ ಮಾಸಿಹೋಗುತ್ತೆ. ಓಡುವ ಗಾಲಿಗೆ ಮಾಸುವ ಹೊತ್ತೇ ಇಲ್ಲ."

ಅವರು ಕುರ್ಚಿಯನ್ನು ಎಳೆದು ಕುಳಿತರು. ಬೆಳಗಿನ ಹಾಲಿನವನು ಬರುವವರೆಗೂ ತಂದೆ ಹೇಳುತ್ತಿದ್ದರು, ಮಗಳು ತಿದ್ದುತ್ತಿದ್ದಳು. ಕಡೆಗೆ ಒಮ್ಮೆ ಓಡಿಸಿ ನೋಡಿದಾಗ ತಂದೆಯವರು ಕಾಲನ್ನು ಹಿಂದಕ್ಕೆ ಸರಿಸಿಕೊಂಡರು. ತಮಗೆ ತಿಳಿಯದೆಯೇ ಸರಿಸಿಕೊಂಡುದನ್ನು ಕಂಡು ಇಬ್ಬರೂ ನಕ್ಕರು. ಅನಂತರ ಅವರು ವಿರೋಧವಾಗಿ ಮಾತನಾಡಲಿಲ್ಲ.

ಪ್ರವೇಶ ದೊರೆಯಿತು. ಅನಂತರದ ಮಾತೆಲ್ಲ ಹಣದ್ದು. ಲಂಡನ್ನಿನ ಹೊರಗೆ ಓದುವವರು ತಿಂಗಳಿಗೆ ೧,೧೩೬ ಪೌಂಡಿನಂತೆ ಒಂಬತ್ತು ತಿಂಗಳ ಖರ್ಚನ್ನು, ಎಂದರೆ ೧೦,೨೨೪ ಪೌಂಡನ್ನು, ಎಡೆಬಿಡದೆ ೨೮ ದಿನ ಬ್ಯಾಂಕಿನಲ್ಲಿ ಇಟ್ಟು ತೋರಿಸಬೇಕೆಂದು ಆ ವರ್ಷದ ನಿಯಮ. ಸುಮಾರು ೧೨ ಲಕ್ಷ ರೂಪಾಯಿ. ಶುಲ್ಕ ಬೇರೆ, ವೈದ್ಯಸೌಕರ್ಯಕ್ಕೆ ವರ್ಷಕ್ಕೆ ೭೭೬ ಪೌಂಡು ಬೇರೆ. ಪಾಠದ ದಿನಗಳಲ್ಲಿ ವಾರಕ್ಕೆ ೨೦ ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಪದವಿಯಾದ ಮೇಲೆ ಅಲ್ಲಿ ನಿಂತು ಕೆಲಸ ಹುಡುಕಲು ಕೊಡುತ್ತಿದ್ದ ಎರಡು ವರ್ಷದ ಅವಕಾಶವೂ, ೨೦೨೭ರ ಜನವರಿ ೧ರಿಂದ ಅರ್ಜಿ ಹಾಕುವವರಿಗೆ ಒಂದೂವರೆ ವರ್ಷ ಮಾತ್ರ. ನಿವೃತ್ತಿಯ ಹಣದಲ್ಲಿ ಉಳಿದುದೆಲ್ಲ ಹೋಯಿತು. ಮನೆಯ ಪತ್ರ ಬ್ಯಾಂಕಿಗೆ ಹೋಯಿತು. ಆ ೨೮ ದಿನ ಮನೆಯಲ್ಲಿ ಯಾರೂ ಕಾಯಿಲೆ ಬೀಳಬಾರದೆಂದು ತಾಯಿ ದೇವರಿಗೆ ಹರಸಿಕೊಂಡರು.

೨೦೨೫ರ ಸೆಪ್ಟೆಂಬರಿನ ಒಂದು ರಾತ್ರಿ ದೇವನಹಳ್ಳಿಯ ವಿಮಾನನಿಲ್ದಾಣದಲ್ಲಿ ಹುಡುಗಿ ತಂದೆತಾಯಿಗಳ ಕಾಲಿಗೆರಗಿ ಹೊರಟಳು. ಅವಳಿಗೆ ಕೆಲಸ ದೊರೆಯುವುದೋ, ಮನೆಯ ಪತ್ರ ಎಂದಿಗೆ ಹಿಂದಿರುಗುವುದೋ ಎಂಬುದು ತಂದೆಯವರ ನಿದ್ದೆಯನ್ನು ಈಗಲೂ ಕೆಡಿಸುವುದುಂಟು. ಆದರೂ ಬೆಳಗಿನ ನಡಿಗೆಗೆ ಹೊರಟವರು ಯಲಹಂಕದ ರೈಲ್ವೆ ನಿಲ್ದಾಣದ ಕಡೆಗೆ ತಿರುಗುತ್ತಾರೆ. ನಿಂತ ಗಾಡಿಯ ಗಾಲಿಗಳನ್ನು ಬಗ್ಗಿ ನೋಡಿ, ಮೊಬೈಲಿನಲ್ಲಿ ಚಿತ್ರ ತೆಗೆದು ಮಗಳಿಗೆ ಕಳುಹಿಸುತ್ತಾರೆ. ಬಿಸಿಲಿನಲ್ಲಿ ಒಂದು, ಮೋಡದಲ್ಲಿ ಒಂದು, ಮಳೆ ನಿಂತ ಕೂಡಲೆ ಒಂದು. ಮೂವತ್ತು ವರ್ಷ ಎರಕ ಹೊಯ್ದ ಗಾಲಿಯ ಮೇಲೆ ಬೆಳಕು ಹೀಗೆಲ್ಲ ಬೀಳುವುದೆಂಬುದನ್ನು ಅವರು ಈಗ ಕಲಿಯುತ್ತಿದ್ದಾರೆ.